ಒಂದು ಮೊಳದ ಮಾತು

"ನಿಲ್ಲಿಸಿ! ಇನ್ನೊಂದು ಗುದ್ದಲಿ ಬಿದ್ದರೆ ನಾನು ಈ ಹೊಂಡದಿಂದ ಮೇಲೆ ಬರುವುದಿಲ್ಲ!"

ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರಿನಲ್ಲಿ ನಿಂತವಳು ಸ್ವರ್ಣಲತಾ, ಬಲ್ಮಠದ ಹುಡುಗಿಯರ ಶಾಲೆಯ ಟೀಚರು. ಎದುರಿಗೆ ಹಂಚಿನ ಕಾರ್ಖಾನೆಗೆ ಆವೆಮಣ್ಣು ಅಗೆಸುವ ಮೇಸ್ತ್ರಿ ವಿಲ್ಲಿ. ಕೈಯಲ್ಲಿ ಅಳತೆಕೋಲು, ಮುಖದಲ್ಲಿ ಗಾಬರಿ!

ಅದು ೧೯೨೬ರ ಬೇಸಿಗೆ. ಆಗ ಮಂಗಳೂರಿನಲ್ಲಿ ಎತ್ತ ನೋಡಿದರೂ ಹಂಚಿನ ಕಾರ್ಖಾನೆಯ ಹೊಗೆಕೊಳವೆ. ನೇತ್ರಾವತಿ ದಡದ ಈ ಗದ್ದೆ ಚರ್ಚಿನದ್ದು, ಉಳುವವನು ಒಕ್ಕಲು ಮಾಯಿಲಪ್ಪ. ವಿಲಾಯಿತಿಯಿಂದ ದೊಡ್ಡ ಗಂಟೆ ತರಿಸುವ ಆಸೆಗೆ ಸಭೆಯ ಹಿರಿಯರು ಗದ್ದೆಯ ಮಣ್ಣನ್ನೇ ಮಾರಿದ್ದರು. ಮಾಯಿಲಪ್ಪನನ್ನು ಒಂದು ಮಾತು ಕೇಳಿದವರಿಲ್ಲ.

"ಗಂಟೆ ದೇವರಿಗೆ ಅಲ್ವಾ ಟೀಚರ್?"

"ದೇವರಿಗೆ ಕಿವಿ ಚೆನ್ನಾಗೇ ಉಂಟು. ಮಾಯಿಲಪ್ಪನ ಮಕ್ಕಳಿಗೆ ಅನ್ನ ಎಲ್ಲುಂಟು?"

ವಿಲ್ಲಿ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲನೆ ಹೇಳಿದ, "ಒಂದು ಮೊಳ ಮಾತ್ರ ಅಗೆಸ್ತೇನೆ. ಮೇಲ್ಮಣ್ಣು ಬದಿಗೆ ರಾಶಿ ಹಾಕಿಸಿ ಮತ್ತೆ ಹರಡ್ತೇನೆ. ಮಳೆಗಾಲಕ್ಕೆ ಭತ್ತದ ನೇಜಿ ನೆಡಬಹುದು. ನನ್ನ ಮಾತು."

ಅವಳು ನಂಬಿದಳು.

ಆಗಿನ ಪ್ರೀತಿಗೆ ಎಷ್ಟು ಪುರುಸೊತ್ತು ಇತ್ತು ನೋಡಿ! ಭಾನುವಾರ ಚರ್ಚಿನಲ್ಲಿ ಗಂಡಸರು ಆಚೆ, ಹೆಂಗಸರು ಈಚೆ. ವಿಲ್ಲಿ ಕೀರ್ತನೆಯನ್ನು ರಾಗ ತಪ್ಪಿ ಹಾಡಿದರೆ ಇವಳಿಗೆ ನಗು ಬರುತ್ತಿತ್ತು. ಆ ನಗುವನ್ನು ನೋಡಲೆಂದೇ ಅವನು ಮತ್ತೆ ರಾಗ ತಪ್ಪುತ್ತಿದ್ದ. ಅಷ್ಟರಲ್ಲೇ ಇಬ್ಬರಿಗೂ ವಾರವಿಡೀ ಹೊಟ್ಟೆ ತುಂಬುತ್ತಿತ್ತು.

ರಜೆಯಲ್ಲಿ ಅವಳು ಉಡುಪಿಯ ಅಕ್ಕನ ಮನೆಗೆ ಹೋದಳು. ಹದಿನೈದು ದಿನದ ಮೇಲೆ ಬಂದು ನೋಡಿದರೆ...

ಎದೆಮಟ್ಟದ ಹೊಂಡ! ಮೇಲ್ಮಣ್ಣಿನ ರಾಶಿ ಇದ್ದ ಗುರುತೂ ಇಲ್ಲ!

ಭಾನುವಾರ ಚರ್ಚಿನ ಬಾಗಿಲಲ್ಲೇ ಅವನನ್ನು ತಡೆದಳು. "ನಿಮ್ಮನ್ನು ನಂಬಿದೆನಲ್ಲ... ನನ್ನ ಬುದ್ಧಿಗೆ ಎಂತ ಹೇಳುವುದು!"

ಅವನು ಬಡವಾಗಿದ್ದ, ಕೆನ್ನೆ ಒಳಗೆ ಹೋಗಿತ್ತು. ತಲೆ ತಗ್ಗಿಸಿದ. "ಮಾತು ನನ್ನದು ಟೀಚರ್. ತಪ್ಪೂ ನನ್ನದೇ."

'ಒಂದು ಸುಳ್ಳಾದರೂ ಹೇಳಬಾರದಿತ್ತೇ?' ಅವಳಿಗೆ ಅಳು ಒತ್ತರಿಸಿ ಬಂತು.

ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಮರುದಿನವೇ ಹಿರಿಯರ ಮುಂದೆ ನಿಂತು ಕೇಳಿದಳು, "ಒಬ್ಬರ ಗದ್ದೆ ಹಾಳು ಮಾಡಿ ತಂದ ಗಂಟೆ ಬಾರಿಸಿ ಯಾವ ಮುಖದಲ್ಲಿ ಪ್ರಾರ್ಥನೆ ಮಾಡುವುದು?" ಕೊನೆಗೆ ಮುದಿ ಪಾದ್ರಿಗಳು, "ಗಂಟೆ ಬೇಡ. ಆ ಹಣ ಮಾಯಿಲಪ್ಪನಿಗೆ ಸೇರಲಿ" ಎಂದರು.

ಮಾಯಿಲಪ್ಪನಿಗೆ ಸುದ್ದಿ ಹೇಳಲು ಸಂಜೆ ಗದ್ದೆಗೆ ಓಡಿದಳು. ದಾರಿಯಲ್ಲಿ ಎತ್ತಿನಗಾಡಿಯ ಹೊಸ ಜಾಡು. 'ಇನ್ನೂ ಒಯ್ಯುತ್ತಿದ್ದಾರೆಯೇ?' ಸಿಟ್ಟಿನಿಂದ ಬಗ್ಗಿ ನೋಡಿದಳು. ಗದ್ದೆಯ ಕಡೆ ಬಂದ ಗಾಡಿಯ ಜಾಡು ಆಳ. ವಾಪಸು ಹೋದದ್ದು ತೆಳು.

ಮಣ್ಣು ಹೋಗುತ್ತಿಲ್ಲ... ಬರುತ್ತಿದೆ!

"ವಿಲ್ಲಿಯವರು ಜ್ವರದಲ್ಲಿ ಮಲಗಿದ್ದಾಗ ಕಾರ್ಖಾನೆಯ ಮ್ಯಾನೇಜರು ಬೇರೆ ಆಳು ಕಳಿಸಿ ಅಗೆಸಿದ್ದು ಟೀಚರೇ," ಎಂದ ಗದ್ದೆಯ ಬದುವಿನಲ್ಲಿದ್ದ ಮಾಯಿಲಪ್ಪ. "ಮೇಲ್ಮಣ್ಣು ಬಂದರಿನ ಗೋದಾಮಿನ ಅಂಗಳ ತುಂಬಿಸ್ಲಿಕ್ಕೆ ಹೋಯ್ತು. ಇವರು ಜಗಳ ಮಾಡಿ ಕೆಲಸ ಬಿಟ್ಟರು. ಈಗ ದಿನಾ ಅದನ್ನೇ ಗಾಡಿಯಲ್ಲಿ ಹೇರಿ ತರ್ತಿದ್ದಾರೆ ಮಾರಾಯ್ರೆ!"

ಮೊಣಕಾಲಿನವರೆಗೆ ಮಣ್ಣಾಗಿ ವಿಲ್ಲಿ ಹೊಂಡದಲ್ಲಿ ನಿಂತಿದ್ದ. ಅವಳ ಕಣ್ಣು ಮಂಜಾಯಿತು.

"ನನಗೆ ಯಾಕೆ ಹೇಳ್ಲಿಲ್ಲ?"

"ಜ್ವರ ಬಂದಿತ್ತು ಅಂದರೆ ಗದ್ದೆ ತುಂಬ್ತದಾ?"

"ಅಷ್ಟು ಜನರ ಮುಂದೆ ಬೈದೆನಲ್ಲ..."

"ಬೈದದ್ದು ಸಾರ ಇಲ್ಲ, ಬೇಜಾರಿಲ್ಲ. ನೀವು ಮತ್ತೆ ಬರುವುದಿಲ್ಲ ಅಂತ ಹೆದರಿಕೆ ಆಗಿತ್ತು." ಮಣ್ಣಿನ ಬುಟ್ಟಿ ಕೆಳಗಿಟ್ಟು ಹೇಳಿದ, "ಒಂದು ವಿಷಯ ಕೇಳ್ಬೇಕು ಅಂತ ಇತ್ತು ಟೀಚರ್. ಈಗ ಕೆಲಸವೇ ಇಲ್ಲದವನು, ಹೇಗೆ ಕೇಳುವುದು..."

"ಟೀಚರ್ ಅಲ್ಲ, ಸ್ವರ್ಣ."

ಅವಳು ಚಪ್ಪಲಿ ಬಿಟ್ಟು ಹೊಂಡಕ್ಕೆ ಇಳಿದಳು.

"ಗದ್ದೆ ಮಳೆಗೆ ಮೊದಲು ತುಂಬಬೇಕು. ಮದುವೆ ಮಳೆಯಲ್ಲಾದರೂ ಆದೀತು!"

"ಅಂದರೆ... ಒಪ್ಪಿಗೆಯಾ ಸ್ವರ್ಣ?"

"ಮೊದಲು ಬುಟ್ಟಿಯ ಆ ಬದಿ ಹಿಡೀರಿ. ನನಗೊಬ್ಬಳಿಗೆ ಭಾರ ಆಗ್ತದೆ."