ದೇವರ ಜಗಲಿಯ ಖಾತಂ ಪೆಟ್ಟಿಗೆ

ಮೆಕಿನ್ನಿ ಊರಿನ ಶ್ರೀಶೈಲ್ ಅವರ ಮನೆಯ ದೇವರ ಜಗಲಿಯಿಂದ ಪೆಟ್ಟಿಗೆ ಮಾಯವಾಗಿತ್ತು. ಪರ್ಷಿಯನ್ ಖಾತಂ ಕೆಲಸದ್ದು. ಎಳೆಯಷ್ಟು ಸಣ್ಣ ಕಡ್ಡಿಗಳನ್ನು ಕಂತೆ ಕಟ್ಟಿ, ಅಡ್ಡ ಕೊಯ್ದು, ಮೈತುಂಬ ಚುಕ್ಕಿ ಚುಕ್ಕಿಯಾಗಿ ಕೂರಿಸಿದ್ದು. ಅವರ ಮಗಳು ಸಾನ್ವಿಯನ್ನು ಸೊಸೆ ಮಾಡಿಕೊಳ್ಳಲಿದ್ದ ಆಸ್ಟಿನ್‌ನ ಇರಾನಿ ಹೆಂಗಸು ಶಿರೀನ್ ಕಳಿಸಿದ ಉಡುಗೊರೆ.

ಸೀತಾಬಾಯಿಯವರನ್ನು ಇರ್ವಿಂಗ್‌ನಿಂದ ಕರೆತಂದಿದ್ದ ನೆರೆಮನೆಯ ವಾಣಿಶ್ರೀಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸೀತಾಬಾಯಿ ನಿವೃತ್ತ ಮೂಳೆ ಡಾಕ್ಟರು. ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಏನು ಕಳೆದರೂ ಮೊದಲ ಫೋನು ಅವರಿಗೇ.

"ಅಜ್ಜಿ, ಜಸ್ಟ್ ಟೆಲ್ ಮಿ, ಎಲ್ಲಿಟ್ಟಿದೀರಿ?" ಸಾನ್ವಿ ಅತ್ತಿಂದಿತ್ತ ತಿರುಗುತ್ತಿದ್ದಳು. "ಇಲ್ಲಾಂದ್ರೆ ನನ್ನ ಎಂಗೇಜ್‌ಮೆಂಟ್ ಈ ಮನೇಲಿ ಬೇಡ. ಐ ಆಮ್ ಲೀವಿಂಗ್!"

ಈ ಸಂಬಂಧವೇ ಬೇಡವೆಂದಿದ್ದ ಅಜ್ಜಿ ಗುರವ್ವ ಮೊಮ್ಮಗಳತ್ತ ತಿರುಗಿದರು. "ಬ್ಯಾಡ ಅಂದಿದ್ದು ಖರೆ. ಕಳವು ಮಾಡಾಕಿ ಅಲ್ಲವ್ವಾ ನಾ."

"ನಿನ್ನೆ ಶಿರೀನ್ ಮತ್ತ ಅವರ ಮಗ ಊಟಕ್ಕ ಬಂದಿದ್ರು, ಆಂಟಿ," ಎಂದರು ಶ್ರೀಶೈಲ್. "ಚರ್ಮದ್ದು ದೇವರ ಕೋಣಿಗೆ ತರಬ್ಯಾಡಂತ ನಮ್ಮವ್ವ ಆ ಹುಡುಗನ ವಾಚ್ ಬಿಚ್ಚಿಸಿದ್ರು. ಅವನ ತಾಯಿ ಮಾರಿ ಸಪ್ಪಗಾತ್ರಿ. ಆಮ್ಯಾಲ ಊಟಾನೂ ಒಲ್ಲೆ ಅಂದ್ರು; ನಾವೆಲ್ಲ ಒಳಗ ಹೋಗಿ ಚಾ ಮಾಡಿ ತಂದ್ವಿ, ಬರೇ ಅದನ್ನ ಕುಡದು ಹೋದ್ರು. ಸಂಜೀಕ ನೋಡಿದ್ರ ಪೆಟ್ಟಿಗಿ ಇಲ್ಲ."

ಜಗಲಿಯ ಮೇಲೆ ಬೆಳ್ಳಿ ದೀಪಗಳು ಇದ್ದಂತೆಯೇ ಇದ್ದವು. ಪೆಟ್ಟಿಗೆಯೊಳಗೆ ಸಾನ್ವಿ ಇಟ್ಟಿದ್ದ ವಿಭೂತಿ ಗಟ್ಟಿಗಳು ಊಟದ ಮೇಜಿನ ಪೇಪರ್ ನ್ಯಾಪ್ಕಿನ್ ಮೇಲೆ ಒಪ್ಪವಾಗಿ ಕೂತಿದ್ದವು. ಚೂರು ಪುಡಿಯೂ ಚೆಲ್ಲಿರಲಿಲ್ಲ.

ಸೀತಾಬಾಯಿ ಸಾನ್ವಿಯ ಫೋನಿನಲ್ಲಿದ್ದ ಪೆಟ್ಟಿಗೆಯ ಫೋಟೋವನ್ನು ಹಿಗ್ಗಿಸಿ ನೋಡಿದರು. "ಈ ಬಿಳಿ ಚುಕ್ಕಿ ಯಾವುದರದ್ದು?"

"ವುಡ್ ಇರ್ಬೇಕು, ಆಂಟಿ," ಎಂದಳು ಸಾನ್ವಿ.

ಅವರು ಹ್ಯೂಸ್ಟನ್‌ನ ಪರ್ಷಿಯನ್ ಕರಕುಶಲ ಅಂಗಡಿಯೊಂದಕ್ಕೆ ಫೋನು ಹಚ್ಚಿದರು. ವಾಣಿಶ್ರೀಗೆ ಕೇಳಿಸಿದ್ದು ಒಂದೇ ಮಾತು: "ಕ್ಯಾಮೆಲ್?"

ಹೋಟೆಲಿನಲ್ಲಿದ್ದ ತಾಯಿ-ಮಗನನ್ನೂ ಕರೆಸಿದ್ದಾಯಿತು. ಎಲ್ಲರೂ ಕೂತ ಮೇಲೆ ಸೀತಾಬಾಯಿ ಶುರುಮಾಡಿದರು.

"ಕಳ್ಳರಾಗಿದ್ರೆ ಬೆಳ್ಳಿ ಬಿಡ್ತಿರ್ಲಿಲ್ಲ. ಗುರವ್ವನೋರು ಬಾಯಿ ಒರೆಸೋ ಕಾಗದದ ಮೇಲೆ ವಿಭೂತಿ ಇಡ್ತಾರಾ? ಸತ್ರೂ ಇಡಲ್ಲ. ಅಂದ್ರೆ ಹೊರಗಿನೋರು. ಆದ್ರೆ ಪುಡಿ ಚೆಲ್ಲದ ಹಾಗೆ ಇಟ್ಟಿದಾರೆ. ದೇವರಿಗೆ ಅಪಚಾರ ಆಗ್ಬಾರ್ದು ಅನ್ನೋರು. ಆ ಬಿಳಿ ಚುಕ್ಕಿ ಒಂಟೆ ಮೂಳೆ. ಅದು ಈ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಒಬ್ರೇ. ವಾಚಿನ ಪಟ್ಟಿಯೇ ಬೇಡ ಅನ್ನೋ ದೇವರ ಮುಂದೆ ತಾವು ಕೊಟ್ಟ ಮೂಳೆ ಕೂತಿದೆ ಅಂತ ಕಂಡಾಗ, ಆ ಜೀವಕ್ಕೆ ಹೇಗಾಗಿರ್ಬೇಡ?"

ಸಾನ್ವಿ ಅದನ್ನು ತಾಯಿ-ಮಗನಿಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಮುಗಿಯುವ ಮೊದಲೇ ಶಿರೀನ್ ಕೈಚೀಲ ತೆರೆದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಹೇಳಿದರೆ ಮದುವೆಯೇ ಮುರಿದೀತೆಂದು ಹೆದರಿದೆ ಎಂದರು.

ಗುರವ್ವ ಆಕೆಯತ್ತ ಬಾಗಿದರು. "ನಮ್ಮ ದೇವರ ಸಲುವಾಗಿ ಕಳ್ಳಿ ಆದ್ಯೇನ, ತಾಯಿ?" ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು. "ಜಗಲಿ ಮ್ಯಾಲ ಬ್ಯಾಡ. ನನ್ನ ಕಡೆ ಇಟ್ಕೋತೀನಿ."

ಸಾನ್ವಿ ಅಜ್ಜಿಯ ಮಂಡಿಗೆ ಮುಖ ಒತ್ತಿದಳು. "ಅಜ್ಜಿ, ಸಾರಿ... ಐ ಆಮ್ ಸೋ ಸಾರಿ..."

"ಸಾರಿ ಆಮ್ಯಾಲ ಅನ್ನುವಂತಿ, ಏಳು," ಎಂದರು ಗುರವ್ವ. "ನಿಮ್ಮತ್ತಿ ಅಳಾಕತ್ತಾಳ, ನೋಡಲ್ಲೆ."