ಮೊಗ ಹೇಳುವ ನಾಡು

ಬಹಳ ಬಹಳ ಹಿಂದೆ, ಅಜ್ಜಿಯ ಅಜ್ಜಿಯೂ ಹುಟ್ಟುವುದಕ್ಕೆ ಮುಂಚೆ, ಮಿಸುನಿಪುರ ಎಂಬ ರಾಜ್ಯವೊಂದಿತ್ತು. ಅಲ್ಲಿ ಹೊಳೆಯಿತ್ತು, ಕೆರೆಯಿತ್ತು, ತಿಕ್ಕಿ ಬೆಳಗಿದ ಹಿತ್ತಾಳೆ ಕೊಡಗಳಿದ್ದವು. ಆದರೆ ಯಾವುದರಲ್ಲೂ ಯಾರ ಮುಖವೂ ಕಾಣಿಸುತ್ತಿರಲಿಲ್ಲ. ಬಡಗಣ ಬೆಟ್ಟದಾಚೆ ಕರಂಡಕನೆಂಬ ಮಾಂತ್ರಿಕನಿದ್ದ. ಅವನ ಬಳಿ ಒಂದು ಕೊಳವಿತ್ತು. ಮಿಸುನಿಪುರದಲ್ಲಿ ಯಾರು ಎಲ್ಲಿ ನೀರಿಗೆ ಬಗ್ಗಿದರೂ ಅವರ ಬಿಂಬ ಅಲ್ಲಿ ನಿಲ್ಲದೆ ಹೋಗಿ ಆ ಕೊಳಕ್ಕೆ ಬೀಳುತ್ತಿತ್ತು.

ತಮ್ಮ ಮುಖ ತಮಗೆ ಕಾಣದವರು ಏನು ಮಾಡಬೇಕು? ಒಬ್ಬರ ಮುಖವನ್ನು ಇನ್ನೊಬ್ಬರು ಹೇಳಬೇಕು. ಅದೇ ಆ ನಾಡಿನ ಪದ್ಧತಿಯಾಯಿತು. ಬೆಳಗ್ಗೆ ಹೊಸಿಲು ದಾಟುವ ಮುಂಚೆ ಮನೆಯವರು ಎದುರುಬದುರು ನಿಂತು ಮೊಗ ಹೇಳುತ್ತಿದ್ದರು. "ಕುಂಕುಮ ಎಡಕ್ಕೆ ಸರಿದಿದೆ." "ತುಟಿಯ ಮೇಲೆ ಹಾಲಿನ ಗೆರೆ ಉಳಿದಿದೆ." "ನಿನ್ನೆಯ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇದೆ." ಹೇಳಿಸಿಕೊಂಡವರು 'ಕೇಳಿಸಿತು' ಎಂದು ಹೊರಗೆ ಕಾಲಿಡುತ್ತಿದ್ದರು. ಇದು ಬರೀ ಉಪಚಾರವಾಗಿರಲಿಲ್ಲ. ಮೊಗ ಹೇಳಿಸಿಕೊಳ್ಳದವರು ಆ ನಾಡಿನಲ್ಲಿ ಮಾಸಿಹೋಗುತ್ತಿದ್ದರು. ಮೊದಲು ಉಗುರು, ಆಮೇಲೆ ಬೆರಳು, ಆಮೇಲೆ ಕೈ. ಕೊನೆಗೆ ಮನುಷ್ಯನೇ ಇಲ್ಲ. ಅದಕ್ಕೇ ಜಗಳವಾಡಿದ ದಿನವೂ ಗಂಡ ಹೆಂಡತಿ ಮೊಗ ಹೇಳುವುದನ್ನು ತಪ್ಪಿಸುತ್ತಿರಲಿಲ್ಲ. ಆ ದಿನ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತಿದ್ದರು.

ಅಲ್ಲಿನ ರಾಜ ಇರುಗರಸ. ಅವನಿಗೆ ಇಬ್ಬರು ಮಕ್ಕಳು, ಮಗ ಕೇತರಸ, ಮಗಳು ಜಕ್ಕಲೆ. ತಾಯಿಯಿಲ್ಲದ ಮಕ್ಕಳು, ಅದರಲ್ಲೂ ರಾಜನಿಗೆ ಕೇತರಸನೆಂದರೆ ಪ್ರಾಣ. ಮಕ್ಕಳು ಚಿಕ್ಕವರಿದ್ದಾಗ ಒಂದು ಬೆಳಗ್ಗೆ ಜಕ್ಕಲೆ ಅಣ್ಣನಿಗೆ ಮೊಗ ಹೇಳುತ್ತಾ, "ನಿನ್ನದು ಯಾರನ್ನೋ ಹೊಡೆದು ಬಂದವನ ಮುಖ" ಎಂದಳು. ಅದು ನಿಜವೇ ಆಗಿತ್ತು. ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಮಗನ ಕಣ್ಣೀರು ರಾಜನಿಗೆ ತಡೆಯಲಾಗಲಿಲ್ಲ. "ಇನ್ನು ಮುಂದೆ ನನ್ನ ಮಗನಿಗೆ ಒಳ್ಳೆಯದನ್ನು ಬಿಟ್ಟು ಬೇರೇನನ್ನೂ ಯಾರೂ ಹೇಳಕೂಡದು" ಎಂದು ಅಪ್ಪಣೆ ಮಾಡಿದ.

ಅಂದಿನಿಂದ ಆಸ್ಥಾನದವರು ದಿನವೂ ಸಾಲಾಗಿ ನಿಂತು ಹೇಳುತ್ತಿದ್ದರು, "ಕಮಲದ ಕಣ್ಣು, ಸಿಂಹದ ನೋಟ, ದಯೆ ತುಂಬಿದ ಮುಖ." ಕೇತರಸ 'ಕೇಳಿಸಿತು' ಎನ್ನುತ್ತಿದ್ದ. ಕೇಳಿದ್ದನ್ನು ನಂಬುತ್ತಲೂ ಇದ್ದ. ಅವನನ್ನು ನೋಡಿ ನಗಬೇಡಿ, ಅವನ ಜಾಗದಲ್ಲಿದ್ದರೆ ನಾವೂ ನಂಬುತ್ತಿದ್ದೆವು.

ಕೇತರಸ ಬೆಳೆದು ಯುವಕನಾದ. ಒಂದು ದಿನ ಎದ್ದು ನೋಡುತ್ತಾನೆ, ಅವನ ಉಗುರುಗಳು ಕಾಣಿಸುತ್ತಿಲ್ಲ. ಆಸ್ಥಾನದವರು ಗಾಬರಿಯಾಗಿ ಹೊಗಳಿಕೆಯನ್ನು ಎರಡು ಪಟ್ಟು ಮಾಡಿದರು. ಬೆರಳುಗಳೂ ಹೋದವು. ದಿನವೂ ಮೊಗ ಹೇಳಿಸಿಕೊಳ್ಳುವವನು ಮಾಸುವುದನ್ನು ಆ ನಾಡಿನಲ್ಲಿ ಯಾರೂ ಕಂಡಿರಲಿಲ್ಲ.

"ಇದು ಕರಂಡಕನ ಮಾಟ ಅಪ್ಪಾ" ಎಂದ ಕೇತರಸ. "ಪೂರ್ತಿ ಮಾಸುವ ಮುಂಚೆ ಹೋಗಿ ಅವನನ್ನು ಕೊಂದು ಬರುತ್ತೇನೆ."

"ನಾನೂ ಬರುತ್ತೇನೆ ಅಣ್ಣ" ಎಂದಳು ಜಕ್ಕಲೆ.

"ನೀನು ಯಾಕೆ?"

"ಅರ್ಧ ದಾರಿಯಲ್ಲಿ ನೀನು ಮಾಸಿಹೋದರೆ ಕುದುರೆಯನ್ನು ವಾಪಸು ತರುವುದಕ್ಕಾದರೂ ಒಬ್ಬರು ಬೇಡವೇ?" ಎಂದಳು.

ಇಬ್ಬರೂ ಹೊರಟರು. ಬೆಟ್ಟದ ಬುಡದಲ್ಲಿ ಮೊದಲನೆಯ ಬಾಗಿಲು. ಅಲ್ಲಿ ಕೆಂಡದ ಕಣ್ಣಿನ ಹುಲಿಯೊಂದು ಮಲಗಿತ್ತು. "ಯಾರು ಬಂದವರು?" ಎಂದು ಕೇಳಿತು.

"ಧೀರ ಕೇತರಸ" ಎಂದ ರಾಜಕುಮಾರ.

ಹುಲಿ ಎದ್ದು ನಿಂತು ಒಮ್ಮೆ ಗರ್ಜಿಸಿತು. ಬೆಟ್ಟ ನಡುಗಿತು. ಕೇತರಸ ಕಂಕುಳಲ್ಲಿ ಅವುಚಿದ್ದ ಕತ್ತಿ ಬಿಸಾಡಿ ಓಡಿ, ತೋಳುಗಳಿಂದ ತಬ್ಬಿ ಆಲದ ಮರ ಹತ್ತಿ ಕೂತಿದ್ದ. ಕೆಳಗೆ ಜಕ್ಕಲೆ ಒಬ್ಬಳೇ ಹುಲಿಯ ಮುಂದೆ ನಿಂತಿದ್ದಳು. ಹುಲಿ ಅವಳನ್ನು ಮೂಸಿ ನೋಡಿತು, ಮರದ ಕಡೆ ಕತ್ತೆತ್ತಿ ನೋಡಿತು, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯಿತು. ಅಲ್ಲಿನ ಮೃಗಗಳು ಯಾರನ್ನೂ ತಿನ್ನುತ್ತಿರಲಿಲ್ಲ. ಅವು ಕೇಳುತ್ತಿದ್ದವು, ಅಷ್ಟೇ. ಹಾಗಿದ್ದೂ ಆ ದಾರಿ ಹಿಡಿದವರಲ್ಲಿ ಒಬ್ಬರೂ ಕೊಳ ಮುಟ್ಟಿರಲಿಲ್ಲ.

ಕೇತರಸ ಇಳಿದು ಬಂದು, "ಎಲ್ಲಿ ಹೊಡೆಯಬೇಕು ಎಂದು ಮೇಲಿನಿಂದ ನೋಡುತ್ತಿದ್ದೆ" ಎಂದ.

"ಇಲ್ಲ ಅಣ್ಣ, ನೀನು ಓಡಿದೆ."

"ಬಾಯಿ ಮುಚ್ಚು" ಎಂದ ಕೇತರಸ. ಆ ಮಾತು ಮುಗಿಯುವಷ್ಟರಲ್ಲಿ ಅವನ ಎರಡೂ ತೋಳು ಭುಜದವರೆಗೆ ಮಾಸಿದವು. ಬಿದ್ದ ಕತ್ತಿಯನ್ನು ಎತ್ತಿಕೊಳ್ಳಲು ಅವನಿಗೆ ಕೈಯೇ ಇರಲಿಲ್ಲ.

ಎರಡನೆಯ ಬಾಗಿಲು ಬೆಟ್ಟದ ನಡುವಿನ ಮರಳುಗಾಡಿನಲ್ಲಿ. ಅಲ್ಲಿ ಹೆಡೆಯಲ್ಲಿ ಹರಳಿದ್ದ ಸರ್ಪ. ಬಾಗಿಲ ಪಕ್ಕದಲ್ಲಿ ಮುದುಕನೊಬ್ಬ ಬಾಯಾರಿ ಬಿದ್ದಿದ್ದ. "ಯಾರು ಬಂದವರು?" ಎಂದು ಕೇಳಿತು ಸರ್ಪ.

"ದಯಾವಂತ ಕೇತರಸ" ಎಂದು ಹೇಳಿ ರಾಜಕುಮಾರ ಕುತ್ತಿಗೆಗೆ ತೂಗುಹಾಕಿದ್ದ ನೀರಿನ ಸೋರೆಬುರುಡೆಯನ್ನು ಹಲ್ಲಿನಿಂದ ಕಚ್ಚಿ ಮುದುಕನ ಬಾಯಿಗೆ ಬಗ್ಗಿಸಿದ. ಅವರಲ್ಲಿ ಉಳಿದಿದ್ದ ನೀರು ಅಷ್ಟೇ. ಮುದುಕ ಕುಡಿದು ಹರಸಿದ.

"ಕೊಟ್ಟೆ, ನಿಜ" ಎಂದಿತು ಸರ್ಪ. "ಆದರೆ ಕೊಡುವ ಮುಂಚೆ, ತಂಗಿ ನೋಡುತ್ತಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿದೆ." ಹೀಗೆಂದು ಅದು ಬಾಗಿಲು ಬಿಟ್ಟು ಸರಿಯಿತು.

ಕೇತರಸನ ಸೊಂಟ, ಎದೆ, ಬೆನ್ನು ಮಾಸಿದವು. ಕಾಲುಗಳೂ ಮಾಸಿದವು. ಉಳಿದದ್ದು ಮುಖ ಮಾತ್ರ. ಅದು ಜಕ್ಕಲೆಯ ಪಕ್ಕದಲ್ಲಿ, ಅವಳ ಭುಜದ ಎತ್ತರದಲ್ಲಿ ಗಾಳಿಯಲ್ಲಿ ಸಾಗುತ್ತಿತ್ತು. ಈ ಸಲ ಅವನು ಸಿಟ್ಟಾಗಲಿಲ್ಲ. ಬಹಳ ದೂರ ಬಂದ ಮೇಲೆ ಕೇಳಿದ, "ಜಕ್ಕಲೆ, ನಾನು ನಿಜವಾಗಿ ತಿರುಗಿ ನೋಡಿದೆನಾ?"

"ನೋಡಿದೆ ಅಣ್ಣ. ಆದರೂ ಮುದುಕನ ಬಾಯಾರಿಕೆ ಆರಿತಲ್ಲ."

"ಹುಲಿಯ ಹತ್ತಿರ ಓಡಿದೆ. ನಿನ್ನನ್ನು ಬಿಟ್ಟು ಓಡಿದೆ."

"ಹೂಂ." ಅವಳು ಹೇಳಿದಳು, "ನೀನು ಓಡಿದೆ ಎಂದು ಹೇಳುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ನಿಜ ಹೇಳುವವಳು ನಾನೊಬ್ಬಳೇ ಎಂಬ ಜಂಬ. ಅದನ್ನೂ ತಿಳಿದುಕೋ."

ಮೂರನೆಯ ಬಾಗಿಲು ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಎರಡು ತಲೆಯ ದೊಡ್ಡ ಹಕ್ಕಿ ಕೂತಿತ್ತು. ಎರಡು ಕೊಕ್ಕೂ ಒಟ್ಟಿಗೆ ತೆರೆದು, "ಯಾರು ಬಂದವರು?" ಎಂದು ಕೇಳಿತು.

ಕೇತರಸ ಬಾಯಿ ತೆರೆದ. ಕಲಿತ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅವನಿಗೆ ಅಳು ಬಂತು. "ಗೊತ್ತಿಲ್ಲ" ಎಂದ.

ಹಕ್ಕಿ ರೆಕ್ಕೆ ಮಡಿಸಿ ದಾರಿ ಬಿಟ್ಟಿತು. ಈ ಸಲ ಅವನಲ್ಲಿ ಏನೂ ಮಾಸಲಿಲ್ಲ.

ಬಾಗಿಲಿನಾಚೆ ಕೊಳವಿತ್ತು. ನೀರಿನ ಮೇಲೆ ಮಿಸುನಿಪುರದ ಅಷ್ಟೂ ಜನರ ಬಿಂಬಗಳು ತರಗೆಲೆಗಳ ಹಾಗೆ ಒಂದರ ಮೇಲೊಂದು ತೇಲುತ್ತಿದ್ದವು. ದಡದಲ್ಲಿ ಕರಂಡಕ ಕೊಳಕ್ಕೆ ಬೆನ್ನು ಹಾಕಿ ಕೂತಿದ್ದ.

"ಇಲ್ಲಿಯವರೆಗೆ ಬಂದವನು ನೀನೊಬ್ಬನೇ" ಎಂದ ಮಾಂತ್ರಿಕ. "ನಿನ್ನ ಬಿಂಬವನ್ನು ನೀನೇ ಹುಡುಕಿ ಅದಕ್ಕೆ ಹಣೆ ಮುಟ್ಟಿಸು. ಸರಿಯಾದರೆ ನೀನು ಉಳಿಯುತ್ತೀಯ. ತಪ್ಪಿದರೆ ಉಳಿದಿರುವ ಮುಖವೂ ಹೋಗುತ್ತದೆ. ನಿನ್ನ ತಂಗಿ ತುಟಿ ಬಿಚ್ಚಿದರೆ ಕಲ್ಲಾಗುತ್ತಾಳೆ."

ಕೇತರಸ ಕೊಳಕ್ಕೆ ಬಗ್ಗಿದ. ಎಲ್ಲಕ್ಕಿಂತ ಮೇಲೆ ಒಂದು ಬಿಂಬ ಹೊಳೆಯುತ್ತಿತ್ತು. ಕಮಲದ ಕಣ್ಣು, ಸಿಂಹದ ನೋಟ, ದಯೆ ತುಂಬಿದ ಮುಖ. ಆಸ್ಥಾನದವರ ಮಾತುಗಳನ್ನೇ ಕೂಡಿಸಿ ಮಾಂತ್ರಿಕ ಮಾಡಿಟ್ಟದ್ದು ಅದು. ಚಿಕ್ಕಂದಿನಿಂದ ಕೇಳಿಸಿಕೊಂಡ ಮುಖ ಕಣ್ಣೆದುರಿಗೇ ಇತ್ತು. ಕೇತರಸನ ಹಣೆ ಅದರ ಹತ್ತಿರ ಹೋಯಿತು. ಜಕ್ಕಲೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ನಿಂತ. ಆ ಕಣ್ಣುಗಳು ನೇರವಾಗಿ ನೋಡುತ್ತಿದ್ದವು. ಅವು ಎಂದೂ ಮರ ಹತ್ತಿದ ಕಣ್ಣುಗಳಲ್ಲ.

ಅವನು ಉಳಿದವನ್ನು ಒಂದೊಂದಾಗಿ ನೋಡುತ್ತಾ ಹೋದ. ಬಹಳ ಹೊತ್ತಾಯಿತು. ಅಂಚಿನಲ್ಲಿ, ಪಾಚಿಯ ನಡುವೆ ಒಂದು ಬಿಂಬವಿತ್ತು. ಚೆಲುವೂ ಅಲ್ಲ, ಕುರೂಪವೂ ಅಲ್ಲ. ಅದರ ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿತ್ತು, ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಿತ್ತು. ಕೇತರಸನಿಗೆ ಅದು ಇಷ್ಟವಾಗಲಿಲ್ಲ. ಆದರೆ ಗುರುತು ಸಿಕ್ಕಿತು.

"ಇದು ನಾನು" ಎಂದು ಹಣೆ ಮುಟ್ಟಿಸಿದ. ಎದೆ ಬಂತು, ತೋಳು ಬಂತು, ಕಾಲು ಬಂದವು, ಕೊನೆಗೆ ಉಗುರುಗಳೂ ಬಂದವು. ಜಕ್ಕಲೆ ಓಡಿಬಂದು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೇತರಸ ಮಾಂತ್ರಿಕನ ಎದುರಿಗೆ ಹೋಗಿ ನಿಂತ. ಕೊಲ್ಲಲು ಹೊರಟುಬಂದವನಿಗೆ ಈಗ ಕೊಲ್ಲುವ ಮನಸ್ಸಿರಲಿಲ್ಲ. "ಈ ಕೊಳದಲ್ಲಿ ನಿಮ್ಮದು ಯಾವುದು?" ಎಂದು ಕೇಳಿದ.

ಕರಂಡಕನ ಮುಖ ಕಪ್ಪಿಟ್ಟಿತು. "ಅದನ್ನು ಕೇಳಬೇಡ."

"ನಮ್ಮಲ್ಲಿ ಮೊಗ ಹೇಳುವ ಪದ್ಧತಿಯಿದೆ. ಹೇಳುತ್ತೇನೆ, ಕೇಳಿಸಿಕೊಳ್ಳಿ. ನಿಮಗೆ ವಯಸ್ಸಾಗಿದೆ. ಹುಬ್ಬಿನಲ್ಲಿ ಸಿಟ್ಟಿದೆ. ಕಣ್ಣುಗಳು ಮಾತ್ರ ತುಂಬ ಹೆದರಿವೆ. ನನ್ನವೂ ಹಾಗೇ ಇವೆ, ಈಗ ತಾನೇ ನೋಡಿಬಂದೆ."

"ಸಿಟ್ಟಿನಲ್ಲಿ ನನ್ನ ತಮ್ಮನನ್ನು ಈ ನೀರಿಗೆ ನೂಕಿದೆ" ಎಂದ ಮಾಂತ್ರಿಕ. "ಆಮೇಲೆ ನೀರಿನಲ್ಲಿ ನನ್ನ ಮುಖ ಕಂಡಿತು. ಮತ್ತೆ ನೋಡಲಾಗಲಿಲ್ಲ. ನನಗೆ ಬೇಡವಾದದ್ದು ಲೋಕಕ್ಕೂ ಬೇಡ ಎಂದುಕೊಂಡೆ."

"ನೋಡಿ. ನಾವು ಪಕ್ಕದಲ್ಲೇ ಇರುತ್ತೇವೆ."

ಕರಂಡಕ ಮೆಲ್ಲಗೆ ತಿರುಗಿ ಬಗ್ಗಿ ನೋಡಿದ. ಆ ಕ್ಷಣವೇ ಮಾಟ ಮುರಿಯಿತು. ಬಿಂಬಗಳೆಲ್ಲ ಕೊಳದಿಂದೆದ್ದು ಬೆಟ್ಟ ದಾಟಿ ತಮ್ಮ ತಮ್ಮ ಕೆರೆಬಾವಿಗಳ ಕಡೆ ಹಾರಿಹೋದವು. ದಡದಲ್ಲಿ ಮಂತ್ರವೆಲ್ಲ ಮರೆತುಹೋದ ಮುದುಕನೊಬ್ಬ ತಮ್ಮನ ಹೆಸರು ಹೇಳಿಕೊಂಡು ಅಳುತ್ತಿದ್ದ. ಅಣ್ಣ ತಂಗಿ ಅವನ ಅಳು ನಿಲ್ಲುವವರೆಗೂ ಅಲ್ಲೇ ಕೂತಿದ್ದರು. ಮೃಗಗಳು ಬಾಗಿಲು ಬಿಟ್ಟು ಕಾಡಿಗೆ ಹೋದವು.

ಅವರು ಊರು ಮುಟ್ಟುವ ಮುಂಚೆಯೇ ಬಿಂಬಗಳು ಮುಟ್ಟಿದ್ದವು. ಜನ ಕೊಡಗಳಲ್ಲಿ ಇಣುಕುವುದೇನು, ಮೀಸೆ ತಿರುವುವುದೇನು, ನೆರೆ ಕೂದಲು ಕಂಡು ಗೋಳಾಡುವುದೇನು. ರಾಜ ಇರುಗರಸನೂ ಅರಮನೆಯ ಕೊಳದಲ್ಲಿ ತನ್ನ ಮುಖ ನೋಡಿದ್ದ. ಮಗನ ಕಣ್ಣೀರಿಗೆ ಹೆದರಿದ ತಂದೆಯೊಬ್ಬ ಅಲ್ಲಿ ಕಂಡಿದ್ದ. ಅಂದಿನಿಂದ ಅವನು ಅನ್ನ ಮುಟ್ಟಿರಲಿಲ್ಲ.

ಕೇತರಸ ಹೆಬ್ಬಾಗಿಲಿಗೆ ಬಂದಾಗ ರಾಜನೇ ಎದುರು ಓಡಿಬಂದ. "ನನ್ನ ಸಿಂಹ" ಎಂದು ಬಾಯಿ ತೆರೆದವನು ಅಲ್ಲೇ ನಿಲ್ಲಿಸಿ ಮಗನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ನೋಡಿದ.

"ತುಂಬ ದಣಿದಿದ್ದೀಯ ಮಗನೇ" ಎಂದ.

ಕೇತರಸ 'ಕೇಳಿಸಿತು' ಎನ್ನಲು ಹೋದ, ಆಗಲಿಲ್ಲ. ತಂದೆಯ ಹೆಗಲ ಮೇಲೆ ತಲೆಯಿಟ್ಟು ಅತ್ತ. ಈ ಸಲ ರಾಜ ಅವನನ್ನು ಅಳಲು ಬಿಟ್ಟ.

ಆಮೇಲೆ ಮಿಸುನಿಪುರದಲ್ಲಿ ಯಾರೂ ಮಾಸಲಿಲ್ಲ. ಎಲ್ಲರೂ ಸುಖವಾಗಿದ್ದರು. ಸುಖವಿಲ್ಲದ ದಿನ ಸುಖವಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೂ ಇದ್ದರು.