ಇಳಿಯದ ಕಾಫಿ

ಬಾಗಿಲು ತೆಗೆದರೆ ಗಂಡ ನಿಂತಿದ್ದ. ಟವೆಲಿನಲ್ಲಿ ಸುತ್ತಿದ ಏನನ್ನೋ ಎಳೆಗೂಸಿನಂತೆ ಎದೆಗೆ ಅವಚಿಕೊಂಡಿದ್ದ.

"ಡಾಕ್ಟ್ರೇ, ಕಾಫಿ ಮೆಷಿನ್ನಿನ ಮೇಲಿನ ಗಾಜು. ನನ್ನ ಬಟ್ಟೆ ಜೊತೆ ಬಂದ್ಬಿಟ್ಟಿತ್ತು."

"ಗೊತ್ತು. ಕೆಳಗಿನದು ಇಲ್ಲೇ ಒಂಟಿಯಾಗಿ ಕೂತಿದೆ."

ಖುಷಿಯಾಗಬೇಕಿತ್ತು, ಇಲ್ಲವೇ ಸಿಟ್ಟಾದರೂ ಬರಬೇಕಿತ್ತು. ಏನೂ ಆಗಲಿಲ್ಲ.

ನಾನು ಹಲ್ಲಿನ ಡಾಕ್ಟರು. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ತುಟಿ ಮುಟ್ಟಿ, "ಏನಾದ್ರೂ ಗೊತ್ತಾಗ್ತಿದೆಯಾ?" ಎಂದು ದಿನವೂ ಕೇಳುವವಳು. ಅಪ್ಪ ತೀರಿಕೊಂಡಾಗಿನಿಂದ ಆ ಇಂಜೆಕ್ಷನ್ ನನಗೇ ಯಾರೋ ಚುಚ್ಚಿದ ಹಾಗಿತ್ತು. ಅಳಲಿಲ್ಲ, ನಗಲಿಲ್ಲ. "ಏನಾದ್ರೂ ಮಾತಾಡೇ" ಎಂದು ಕೇಳಿ ಕೇಳಿ ಸೋತು ಇವನು ತಂಗಿಯ ಮನೆ ಸೇರಿದ. ಒಂದು ಜಗಳವಾದರೂ ಆಗಿದ್ದರೆ ಎಷ್ಟೋ ವಾಸಿಯಿತ್ತು. ಈಗ ದೂರದ ಊರಿನ ಕೆಲಸಕ್ಕೆ ಒಪ್ಪಿಕೊಂಡಿದ್ದಾನೆ, ನಾಳೆಯೇ ಹೊರಡುತ್ತಾನೆ ಎಂದು ನಾದಿನಿ ಫೋನ್ ಮಾಡಿ ಹೇಳಿದ್ದಳು.

"ಬಂದೋನು ಕಾಫಿ ಕುಡ್ಕೊಂಡು ಹೋಗು," ಎಂದೆ.

"ಕುಡಿದ ತಕ್ಷಣ ಹೊರಡ್ತೀನಿ. ಪ್ಯಾಕಿಂಗ್ ಹಾಗೇ ಬಿದ್ದಿದೆ."

ಕೆಳಗಿನ ಗಾಜಿಗೆ ನೀರು ತುಂಬಿದೆ. ಮೇಲಿನದರಲ್ಲಿ ಬಟ್ಟೆಯ ಫಿಲ್ಟರ್ ಕೂರಿಸಿ, ಪುಡಿ ಹಾಕಿ, ಎರಡನ್ನೂ ಬಿಗಿಯಾಗಿ ಒತ್ತಿ ಸಣ್ಣ ಉರಿಯ ಮೇಲಿಟ್ಟೆ. ಇದನ್ನು ಮನೆಗೆ ತಂದವನು ಇವನೇ. ಲಿಫ್ಟ್ ರಿಪೇರಿ ಮಾಡುವವನಿಗೆ ಏರಿಳಿಯುವುದೆಲ್ಲ ಇಷ್ಟ. "ಕಾದ್ರೆ ನೀರು ತಾನೇ ಮೇಲೆ ಹತ್ತುತ್ತೆ, ಉರಿ ಆರಿಸಿದ್ರೆ ಕಾಫಿಯಾಗಿ ಇಳಿಯುತ್ತೆ, ನೋಡೇ!" ಎಂದು ಮೊದಲ ದಿನ ಅಡುಗೆಮನೆಯಲ್ಲಿ ಕುಣಿದಾಡಿದ್ದ.

"ಕೂದಲು ಕತ್ತರಿಸ್ಕೊಂಡ್ಯಾ?"

"ಹೂಂ."

"ಚೆನ್ನಾಗಿದೆ."

"ಸುಳ್ಳು."

"ಸರಿ, ಸುಳ್ಳೇ. ಆದ್ರೆ ಕಿವಿ ಚೆನ್ನಾಗಿ ಕಾಣ್ತಿದೆ."

ಅವನ ನೋಟ ನನ್ನ ಕಿವಿಯಿಂದ ಮೆಲ್ಲಗೆ ಕತ್ತಿಗಿಳಿಯಿತು. ನಾನು ನೋಡಿದೆನೆಂದು ಗೊತ್ತಾದದ್ದೇ ತಡ, ಒಲೆಯತ್ತ ತಿರುಗಿತು.

ನೀರೆಲ್ಲ ಗುಳುಗುಳು ಎಂದು ಮೇಲೇರಿತು. ಚಮಚದಿಂದ ಕಲಕಿದೆ. ಇನ್ನು ಒಲೆ ಆರಿಸಬೇಕು. ಕೈ ಮುಂದೆ ಹೋಗಲಿಲ್ಲ.

"ಆಯ್ತು, ಆರಿಸು."

ಚಮಚ ಎತ್ತಿ ಇನ್ನೊಮ್ಮೆ ಕಲಕಿದೆ.

"ಏ, ಕಹಿಯಾಗುತ್ತೆ ಕಣೇ! ಏನಾಗಿದೆ ನಿಂಗೆ?"

"ಆರಿಸಿದ್ರೆ ಇಳಿಯುತ್ತೆ. ಇಳಿದ್ರೆ ಕುಡೀತೀಯ. ಕುಡಿದ್ರೆ ಹೋಗ್ತೀಯ."

ಇಷ್ಟುದ್ದ ಮಾತಾಡಿದವಳು ನಾನೇನಾ ಎಂದು ನನಗೇ ಅನ್ನಿಸಿತು. ಅವನು ಒಲೆಯನ್ನೇ ನೋಡುತ್ತ ನಿಂತ.

"ಆ ಗಾಜು ಬಟ್ಟೆ ಜೊತೆ ತಾನಾಗೇ ಬರ್ಲಿಲ್ಲ," ಎಂದ. "ನಾನೇ ಬೇಕೂಂತ ಸುತ್ಕೊಂಡು ಹೋದೆ. ಅರ್ಧ ನನ್ನ ಹತ್ರ ಇದ್ರೆ ಕೇಳೋಕಾದ್ರೂ ಫೋನ್ ಮಾಡ್ತೀಯ ಅಂದ್ಕೊಂಡೆ. ನೀನೋ, ಮಾಡ್ಲೇ ಇಲ್ಲ!"

"ಟೀ ಕುಡೀತಿದ್ದೆ."

ಅವನು ಪಕ್ಕನೆ ನಕ್ಕುಬಿಟ್ಟ. ಅಷ್ಟರಲ್ಲಿ ಕೆಳಗಿನ ಗಾಜು ಚಟಪಟ ಎನ್ನತೊಡಗಿತು. ಅಯ್ಯೋ ಎನ್ನುತ್ತ ನನ್ನ ಭುಜದ ಮೇಲಿಂದ ಕೈಚಾಚಿ ಒಲೆ ಆರಿಸಿದ. ಕಾಫಿ ಸರ್ರನೆ ಇಳಿಯಿತು.

ಒಂದೇ ಲೋಟಕ್ಕೆ ಬಗ್ಗಿಸಿದ. ಗುಟುಕರಿಸಿ ಮುಖ ಕಿವುಚಿ, "ಥೂ, ಕಷಾಯ!" ಎಂದು ನನ್ನತ್ತ ಚಾಚಿದ.

ಕುಡಿದೆ. ಕಹಿ. ಎಷ್ಟು ಕಹಿಯೆಂದರೆ ನಾಲಿಗೆ ಬೆಚ್ಚಿಬಿತ್ತು. ಇಷ್ಟು ದಿನ ಬಾಯಿಗೆ ಹಾಕಿದ್ದರಲ್ಲಿ ಒಂದಕ್ಕೂ ರುಚಿಯಿರಲಿಲ್ಲ. ಜೋಮು ಬಿಡುವಾಗ ನೋವಾಗುತ್ತೆ, ಹೆದರಬೇಡಿ ಎಂದು ಎಲ್ಲರಿಗೂ ಹೇಳುವವಳು ನಾನು. ನನಗೆ ಹೇಳುವವರು ಯಾರೂ ಇರಲಿಲ್ಲ. "ಅಪ್ಪ..." ಎಂದೆ. ಮುಂದಿನದೆಲ್ಲ ಅಳುವಾಯಿತು. ಅವನು ಏನೂ ಕೇಳದೆ ತಬ್ಬಿಕೊಂಡ.

ಅಂಗಿಯ ತೋಳು ಒದ್ದೆಯಾದ ಮೇಲೆ ಕಾಫಿಯನ್ನು ಸಿಂಕಿಗೆ ಚೆಲ್ಲಿದ.

"ಇನ್ನೊಂದ್ಸಲ ಮಾಡೋಣ. ಗಾಜು ಮೊದ್ಲು ತಣ್ಣಗಾಗ್ಲಿ, ಈಗ್ಲೇ ನೀರು ಹಾಕಿದ್ರೆ ಒಡೆಯುತ್ತೆ."

"ಅಲ್ಲೀವರೆಗೂ?"

ಅವನು ಜೇಬಿನಿಂದ ಫೋನ್ ತೆಗೆದು ತಂಗಿಗೆ ಹಚ್ಚಿದ.

"ಪುಟ್ಟೀ, ನನ್ನ ಪೆಟ್ಟಿಗೆ ಕಟ್ಬೇಡ... ಇಲ್ವೇ, ನಾಳೆಯೂ ಹೋಗಲ್ಲ. ಕಾಫಿ ಇನ್ನೂ ಆಗಿಲ್ಲ."